ತಳದ ರೊಟ್ಟಿ

“ನಾಳೆ ಬರೂದಿಲ್ಲಾ? ಅವ್ವಾ, ನೀ ಪ್ರಾಮಿಸ್ ಮಾಡಿದ್ದಿ!”

ಅಂಜನಾಳ ಕೂಗಿಗೆ ಒಲೆಯ ಮುಂದಿದ್ದ ಅಜ್ಜಿ ತಾಯವ್ವ ತಿರುಗಿ ನೋಡಿದಳು. ಫೋನಿನ ತುಂಬ ಗಾಳಿಯ ಸದ್ದು. ಅದರ ನಡುವೆ ಅವ್ವನ ದನಿ.

“ಸಮುದ್ರದಾಗ ಚಂಡಮಾರುತ ಎದ್ದೈತಿ ಅಂಜು. ದೋಣಿ ಬಂದ್ ಆಗ್ಯಾವ. ಊರ ಮಂದಿ ಎಲ್ಲಾ ನಮ್ಮ ಸಾಲ್ಯಾಗ ಬಂದು ಕುಂತಾರ.”

ಅವ್ವ ಸರಿತಾ ಕರಾವಳಿಗೆ ಹತ್ತಿರದ ಪುಟ್ಟ ನಡುಗಡ್ಡೆಯೊಂದರಲ್ಲಿ ಟೀಚರ್. ಇವರ ಊರು ಮುಧೋಳದಿಂದ ಅಲ್ಲಿಗೆ ಎರಡು ಬಸ್ಸು, ಆಮೇಲೆ ದೋಣಿ. ಹೊರಡುವಾಗ ಅವಳು ದಿನಕ್ಕೊಂದರಂತೆ ಖಡಕ್ ಜೋಳದ ರೊಟ್ಟಿಗಳನ್ನು ಡಬ್ಬಿಗೆ ತುಂಬಿಕೊಳ್ಳುತ್ತಾಳೆ. ಎಲ್ಲಕ್ಕಿಂತ ತಳದಲ್ಲಿರುವುದು ಅಂಜನಾ ಬಡಿದ ರೊಟ್ಟಿ. ಅಂಗೈಯಗಲ, ಸೊಟ್ಟ, ಒಂದು ಕಡೆ ಕರಿ. ಅದನ್ನು ತಿಂದ ದಿನ ಅವ್ವ ಊರಿನ ಬಸ್ಸು ಹತ್ತಲೇಬೇಕು. ಅದು ಇಬ್ಬರ ಕರಾರು.

“ಹಂಗಾರ ನನ್ನ ರೊಟ್ಟಿ ಈಗ ತಿನಬ್ಯಾಡ. ಬರೂ ದಿನಾ ತಿನ್ನು.”

“ಅದೊಂದ ಉಳದಿತ್ತು. ಇಲ್ಲಿ ಒಂದು ಸಣ್ಣ ಹುಡುಗಿ ಹಸದು ಅಳಾಕತ್ತಿದ್ಲು. ಅಕ್ಕಿ ತರೂ ದೋಣಿ ಬಂದಿರಲಿಲ್ಲ. ಆಕಿಗೆ ಕೊಟ್ಟೆ.”

“ಅದು ನಂದು! ಯಾರಿಗೋ ಯಾಕ ಕೊಟ್ಟಿ?”

ಲೈನ್ ಕಟ್ಟಾಯಿತು. ಮತ್ತೆ ಹತ್ತಲೇ ಇಲ್ಲ.

ಟಿವಿಯಲ್ಲಿ ಚಂಡಮಾರುತ ಸುರುಳಿ ಸುತ್ತುತ್ತಿತ್ತು. ಮೊದಲು ಅಂಜನಾಳಿಗೆ ಸಿಟ್ಟು ಬಂದಿತ್ತು. ಈಗ ಹೆದರಿಕೆ ಆಯಿತು. ಅವ್ವನ ಜೊತೆ ಆಡಿದ ಕೊನೆಯ ಮಾತು ಜಗಳದ್ದೇ ಆಯಿತಲ್ಲ! ಅವಳು ಊಟದ ತಾಟನ್ನು ಆಚೆ ಸರಿಸಿದಳು.

ತಾಯವ್ವ ಪಕ್ಕದಲ್ಲಿ ಬಂದು ಕೂತಳು. “ಹೊಳಿ ತುಂಬಿ ನಮ್ಮ ಓಣ್ಯಾಗ ನೀರು ಬಂದಾಗ ನಾವೂ ಸಾಲ್ಯಾಗ ಇದ್ದಿವಿ. ನೆನಪೈತೇನ?”

“ಇಲ್ಲ.”

“ನೀ ಸಣ್ಣಾಕಿ ಇದ್ದಿ. ಅತ್ತು ಅತ್ತು ದನಿ ಕೂತಿತ್ತು. ಯಾವ ಊರವರೋ ಗೋಣಿಚೀಲದಾಗ ರೊಟ್ಟಿ ಕಳಿಸಿದ್ರು. ಒಂದು ಕೈಯಾಗ ಹಿಡಕೊಂಡು, ಅದನ್ನ ಕಡಕೋತ ಮಲಗಿದಿ.”

“ಯಾರ ಕಳಿಸಿದ್ದು?”

“ಯಾರಿಗ್ಗೊತ್ತು? ಹೆಸರ ಕೇಳಾಕ ಎಲ್ಲಿತ್ತು ಪುರಸೊತ್ತು!”

ಅಂಜನಾ ತಾಟನ್ನು ಹತ್ತಿರ ಎಳೆದುಕೊಂಡಳು.

ಮರುದಿನವೂ ಫೋನ್ ಹತ್ತಲಿಲ್ಲ. ಅದರ ಮರುದಿನ ಅವಳು ಶಾಲೆಯಿಂದ ಬಂದು ಚೀಲ ಇಡುತ್ತಿದ್ದಂತೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ಅಂಜು, ಗಾಳಿ ದಾಟಿ ಹೋತು! ಸಾಲಿ ಹಂಚು ನಾಕು ಹಾರ್ಯಾವ, ಮಂದಿ ಎಲ್ಲಾ ಆರಾಮ ಅದಾರ. ನಾಡದು ಬರ್ತೀನಿ. ಬಸ್ಸು ಲೋಕಾಪುರ ದಾಟಿದ ಕೂಡ್ಲೆ ಫೋನ್ ಮಾಡ್ತೀನಿ.”

ಅಂಜನಾಳಿಗೆ ಅಳು ಬಂತು, ನಗುವೂ ಬಂತು. ಮೂಗು ಒರೆಸಿಕೊಂಡು ಕೇಳಿದಳು, “ಆ ಹುಡುಗಿ ರೊಟ್ಟಿ ತಿಂದಳಾ?”

“ಹಪ್ಪಳ ಅಂತ ತಿಳಕೊಂಡ್ಲು! ಕಟಂ ಕಟಂ ಕಡದು, ಇನ್ನೊಂದು ಕೊಡ್ರಿ ಟೀಚರ್ ಅಂದ್ಲು. ಎಲ್ಲಿಂದ ತರ್ಲಿ?”

ಫೋನ್ ಇಟ್ಟವಳೇ ಅಂಜನಾ ಅಡುಗೆಮನೆಗೆ ಓಡಿದಳು. “ಅಜ್ಜಿ, ಹಿಟ್ಟು ಕೊಡು.”

“ಅಲ್ಲಬೇ, ನಿಮ್ಮವ್ವ ಇನ್ನೂ ಬಂದೇ ಇಲ್ಲ. ಆಕಿ ತಿರುಗಿ ಹೋಗುವಾಗಿನ ರೊಟ್ಟಿ ಆಗಲೇ ಬಡೀತಿಯೇನ?”

ಅಂಜನಾ ಅಂಗೈಯಗಲದ ರೊಟ್ಟಿ ಬಡಿದಳು. ಯಾವತ್ತಿನಂತೆ ಸೊಟ್ಟ. ಮತ್ತೆ ಅಷ್ಟೇ ಹಿಟ್ಟು ತೆಗೆದುಕೊಂಡು ಇನ್ನೊಂದನ್ನು ಬಡಿದು, ಅದರ ಅಂಚನ್ನು ಬೆರಳಿನಿಂದ ಮೆಲ್ಲಗೆ ದುಂಡಗೆ ತಿದ್ದಿದಳು.

“ಎರಡು ಯಾಕ?” ಎಂದಳು ತಾಯವ್ವ.

“ಇದನ್ನ ಛಲೋತ್ನಾಗಿ ಬೇಯಿಸಬೇ, ಕರಿ ಮಾಡಬ್ಯಾಡ,” ಎಂದಳು ಅಂಜನಾ. “ಅವ್ವ ಬರ್ಲಿ, ಆ ಹುಡುಗಿ ಹೆಸರ ಕೇಳ್ತೀನಿ.”