ಚಳಿಗಾಲದ ಸೊಪ್ಪು

"ತಿಂಗಳ ಕೊನೆಯೊಳಗೆ ಆ ತೊಟ್ಟಿಗಳನ್ನೆಲ್ಲ ಖಾಲಿ ಮಾಡ್ಬಿಡು ಕಣೋ" ಎಂದ ಅಣ್ಣ. ಹಾಲಿನವನಿಗೆ ನಾಳೆಯಿಂದ ಬೇಡ ಅನ್ನುವಷ್ಟೇ ಸಲೀಸಾಗಿ, ಕೆಮ್ಮಿನ ನಡುವೆ ಅಂದುಬಿಟ್ಟ. "ಕೆಳಗಿನ ತೇವ ಮೇಲಕ್ಕೆ ಬರುತ್ತಂತೆ. ನನ್ನ ಎದೆಗೆ ಆಗಲ್ಲ ಅಂತಾರೆ ಡಾಕ್ಟ್ರು."

ಬಾಗಿಲಲ್ಲಿ ತಮ್ಮ ನಿಂತಿದ್ದ. ಕೈಯಲ್ಲಿ ಅಣ್ಣನಿಗೆಂದೇ ಕಿತ್ತು ತಂದ ಲೆಟ್ಯೂಸ್ ಎಲೆಗಳ ತಟ್ಟೆ. "ಆಯ್ತಣ್ಣ" ಎಂದು ತಟ್ಟೆಯನ್ನು ಮಂಚದ ಪಕ್ಕ ಇಟ್ಟು ಇಳಿದು ಹೋದ.

ಐವತ್ತೆರಡು ವರ್ಷ ಅವನು ಮುಟ್ಟಿದ್ದೆಲ್ಲ ಮಣ್ಣಾಗಿತ್ತು. ಮಣ್ಣೇ ಇಲ್ಲದ ಈ ತೋಟ ಒಂದು ಅವನ ಕೈ ಹಿಡಿದಿತ್ತು. ಹೊರಗೆ ಹಿಮ ಬಿದ್ದು ಹುಲ್ಲುಕಡ್ಡಿಯೂ ಕಾಣದ ಕಾಲದಲ್ಲಿ, ನೆಲಮಾಳಿಗೆಯ ನಾಲ್ಕು ತೊಟ್ಟಿಗಳಲ್ಲಿ ಲೆಟ್ಯೂಸ್, ಪಾಲಕ್, ಸಾಸಿವೆ ಸೊಪ್ಪು ನಳನಳಿಸುತ್ತಿದ್ದವು. ನೀರಿನ ಮೇಲೆ ತೇಲುವ ಹಲಗೆ, ಹಲಗೆಯ ತೂತಿನಲ್ಲಿ ಗಿಡ, ಕೆಳಗೆ ನೀರಿಗೆ ಇಳಿಬಿದ್ದ ಬಿಳಿ ಬೇರು. ಬೇರಿಗೆ ಉಸಿರು ಕೊಡಲು ಗಾಳಿ ಪಂಪು ಹಗಲಿರುಳೂ ಗುಳುಗುಳು ಅನ್ನುತ್ತಿತ್ತು. ಸೂರ್ಯನ ಬದಲು ನೇರಳೆ ದೀಪ. ಮೂರು ಹೋಟೆಲುಗಳ ಅಡುಗೆಯವರು ಅವನನ್ನು ಕಂಡರೆ "ಸೊಪ್ಪಿನ ಸಾಹೇಬ್ರು ಬಂದ್ರು" ಅನ್ನುತ್ತಿದ್ದರು. ತಮಾಷೆಗೇ ಇರಲಿ, ಅವನನ್ನು ಯಾರಾದರೂ ಸಾಹೇಬ ಅಂದದ್ದು ಅದೇ ಮೊದಲು.

ಅಣ್ಣ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಮನೆ ಅವನದು, ಗೋಡೆಗಳ ಮೇಲಿನ ಬುದ್ಧಿವಾದವೂ ಅವನದೇ. ಎಲ್ಲದಕ್ಕೂ ಚೀಟಿ ಅಂಟಿಸುವುದು ಅವನ ಚಾಳಿ. ನಲ್ಲಿಯ ಮೇಲೆ 'ಎಡಕ್ಕೆ ತಿರುಗಿಸಿದರೆ ಬಿಸಿ', ಒಲೆಯ ಮೇಲೆ 'ಆರಿಸಿದೆಯಾ?', ಹಿಂದಿನ ಬಾಗಿಲ ಮೇಲೆ 'ಒದೆಯಬೇಡ, ಎತ್ತಿ ತಳ್ಳು'. ಹಾಸಿಗೆ ಹಿಡಿಯುವ ಮೊದಲು ನೆಲಮಾಳಿಗೆಗೂ ಇಳಿದು, ದೀಪಗಳು ಬೆಳಿಗ್ಗೆ ಆರಕ್ಕೆ ತಾವೇ ಹತ್ತಿ ಸಂಜೆ ಆರಕ್ಕೆ ತಾವೇ ಆರುವ ಹಾಗೆ ಒಂದು ಟೈಮರ್ ಕೂಡಿಸಿದ್ದ. ಅದರ ಕೆಳಗೂ ಒಂದು ಚೀಟಿ. ಅಣ್ಣನ ಚೀಟಿಗಳನ್ನು ಓದುವುದನ್ನು ತಮ್ಮ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಉಪಾಯ ಹೊಳೆದದ್ದು ಡಾಕ್ಟರ ಮಾತಿನಿಂದಲೇ. "ಒಂದೇ ಸಲ ಚಳಿ ಹಿಡಿದ್ರೂ ಈ ಎದೆ ತಡೆಯಲ್ಲ" ಅಂದಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬರೀ ಹೀಟರ್ ಆರಿಸಿದರೆ ಅಣ್ಣ ತಲೆದಿಂಬಿನ ಪಕ್ಕದ ಗುಂಡಿ ಒತ್ತಿ ಮತ್ತೆ ಹಚ್ಚಿಕೊಳ್ಳುತ್ತಾನೆ. ಮೇನ್ ಸ್ವಿಚ್ಚನ್ನೇ ಆರಿಸಿದರೆ? ಕರೆಂಟ್ ಹೋಗಿದೆ ಅಂದುಕೊಂಡು ಕಾಯುತ್ತಾನೆ. ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕರೆಂಟಿಲ್ಲದೆ ಮನೆಯ ಫೋನೂ ಸತ್ತಿರುತ್ತದೆ. ಮೆಟ್ಟಿಲಿಳಿಯುವ ಶಕ್ತಿ ಅಣ್ಣನಿಗಿಲ್ಲ. ಕೆಳಗಿನ ಎರಡು ಕಿಟಕಿ ತೆರೆದಿಟ್ಟರೆ ಐದು ಗಂಟೆ ಸಾಕು. ಹಗಲಲ್ಲಿ ನೇರಳೆ ಬೆಳಕು ಬೀದಿಗೆ ಕಾಣದು, ಹಾಗಾಗಿ ಅದು ಆರಿದ್ದೂ ಯಾರಿಗೂ ತಿಳಿಯದು. ಸೊಪ್ಪಿಗೆ ಚಳಿ ಒಗ್ಗುತ್ತದೆ. ಐದು ಗಂಟೆ ಪಂಪು ನಿಂತರೆ ಬೇರಿಗೆ ಏನಾದರೂ ಆದೀತೇ ಎಂದು ಮಾತ್ರ ಅವನು ಎರಡು ದಿನ ಯೋಚಿಸಿದ. ಅಣ್ಣನ ಬಗ್ಗೆ ಅಷ್ಟು ಹೊತ್ತು ಯೋಚಿಸಲಿಲ್ಲ.

ಆ ಬೆಳಿಗ್ಗೆ ಎಂಟಕ್ಕೆ ಕಾಲು ಗಂಟೆ ಇದ್ದಾಗ ಸ್ವಿಚ್ ಕೆಳಗೆಳೆದ. ಪಂಪು ನಿಂತಿತು. ಮನೆ ಇಷ್ಟು ಮೌನವಾಗಬಲ್ಲದು ಎಂದು ಅವನಿಗೆ ಗೊತ್ತಿರಲಿಲ್ಲ.

"ಕರೆಂಟ್ ಹೋಯ್ತೇನೋ?" ಮೇಲಿನಿಂದ ಅಣ್ಣ ಕೇಳಿದ.

"ಹ್ಞೂಂ ಅಣ್ಣ. ಈಗ ಬರುತ್ತೆ."

"ಸರಿ. ಹೊರಗೆ ಚಳಿ ಜಾಸ್ತಿ ಇದೆ, ಕಿವಿ ಮುಚ್ಕೊಂಡು ಹೋಗು."

ಅವನು ಕಿವಿ ಮುಚ್ಚಿಕೊಂಡು, ಸೊಪ್ಪಿನ ಬುಟ್ಟಿ ಹೊತ್ತು ಹೋದ. ಪ್ರತಿ ಅಡುಗೆಮನೆಯಲ್ಲೂ ಒಂದಿಷ್ಟು ಹೊತ್ತು ನಿಂತು ನಕ್ಕು ಮಾತಾಡಿದ. ಹನ್ನೆರಡೂ ಮುಕ್ಕಾಲಿಗೆ ಹಿಂದಿನ ಬಾಗಿಲಿಂದ ಯಾರಿಗೂ ಕಾಣದಂತೆ ಒಳಗೆ ಬಂದ.

ಅಣ್ಣ ದಿಂಬಿಗೊರಗಿ ಕೂತಿದ್ದ. ಟೋಪಿ, ಮಫ್ಲರ್, ಕೋಟು, ಕೋಟಿನ ಮೇಲೆ ಎಳೆದುಕೊಂಡ ತಮ್ಮನ ಹಳೇ ಕಂದು ಸ್ವೆಟರ್. ಬಾಗಿಲ ಕಡೆಗೇ ನೋಡುತ್ತಿದ್ದ. ನೋಟ ಮಾತ್ರ ಇರಲಿಲ್ಲ. ಬೆಚ್ಚಗಿರಬೇಕಾದ ಕೋಣೆಯಲ್ಲಿ ಟೋಪಿ, ಕೋಟು ಇರಬಾರದು. ಅವನು ಒಂದೊಂದಾಗಿ ಬಿಚ್ಚಿದ. ಸ್ವೆಟರಿನ ತೋಳು ಎಳೆಯುವಾಗ "ಸ್ವಲ್ಪ ಕೈ ಎತ್ತಣ್ಣ" ಅಂದದ್ದು ತನ್ನ ಕಿವಿಗೇ ಬಿದ್ದು, ಗೋಡೆ ಹಿಡಿದು ನಿಂತ. ಆಮೇಲೆ ಕಣ್ಣು ಮುಚ್ಚಿಸಿ, ಮಲಗಿಸಿ, ಹೊದಿಸಿದ.

ಕಿಟಕಿ ಮುಚ್ಚಿ ಸ್ವಿಚ್ ಮೇಲೆತ್ತಿದಾಗ ಪಂಪು ಒಮ್ಮೆ ಬಿಕ್ಕಿ ಮತ್ತೆ ಗುಳುಗುಳು ಶುರು ಮಾಡಿತು. ಅವನಿಗೆ ಅದು ಮೇಲಿನ ಕೋಣೆಯ ಉಸಿರಿನಂತೆಯೇ ಕೇಳಿತು. ಒಲೆಯ ಗಡಿಯಾರ, ಮಂಚದ ಪಕ್ಕದ ರೇಡಿಯೋ ಗಡಿಯಾರ ಎರಡೂ ಸೊನ್ನೆ ತೋರಿಸುತ್ತ ಮಿಣುಗುಟ್ಟುತ್ತಿದ್ದವು. ಕೈಗಡಿಯಾರ ನೋಡಿ ನಿಮಿಷಕ್ಕೆ ಸರಿಯಾಗಿ ತಿದ್ದಿದ. ಉಳಿದವೆಲ್ಲ ಕೀಲಿ ಕೊಡುವ ಗಡಿಯಾರಗಳು, ಅವಕ್ಕೆ ಕರೆಂಟಿನ ಹಂಗಿಲ್ಲ. ಗಡಿಯಾರದವನ ಮನೆಯಲ್ಲಿ ಗಡಿಯಾರವೇ ಬಾಯಿಬಿಟ್ಟರೆ ಹೇಗೆ ಎಂದುಕೊಂಡು ನಗಲು ನೋಡಿದ, ಆಗಲಿಲ್ಲ. ಮತ್ತೆ ಹೊರಗೆ ಹೋಗಿ ಮೂಲೆಯ ಅಂಗಡಿಯಲ್ಲಿ ಸೂಪ್ ಕುಡಿದು, ಮೂರಕ್ಕೆ ಮುಂಬಾಗಿಲಿಂದ ಬಂದು, ಅಣ್ಣನನ್ನು 'ಕಂಡು', ಡಾಕ್ಟರಿಗೆ ಫೋನ್ ಮಾಡಿದ.

ಡಾಕ್ಟರ್ ಅಣ್ಣನ ಕೈ ಹಿಡಿದು ನೋಡಿದರು. "ಕೋಣೆ ಇಷ್ಟು ಬೆಚ್ಚಗಿದೆ, ಮೈ ಮಾತ್ರ ಇಷ್ಟೊಂದು ತಣ್ಣಗಿದೆಯಲ್ಲ. ಕರೆಂಟ್ ಏನಾದ್ರೂ ಹೋಗಿತ್ತಾ?"

"ಒಂದು ನಿಮಿಷಾನೂ ಇಲ್ಲ ಡಾಕ್ಟ್ರೇ. ಹೋಗಿದ್ರೆ ಆ ರೇಡಿಯೋ ಗಡಿಯಾರ ಮಿಣಮಿಣ ಅಂತಿತ್ತು, ನೋಡಿ."

ಡಾಕ್ಟರ್ ನೋಡಿದರು, ತಲೆಯಾಡಿಸಿದರು. ಮರಣಪತ್ರದ ಕಾಗದ ತರುತ್ತೇನೆಂದು ಹೋದರು.

ಐದಕ್ಕೆ ಅಕ್ಕ ಬಂದಳು. ಅತ್ತು ಅತ್ತು ಸುಸ್ತಾಗಿ, ತಮ್ಮನ ತಲೆ ಸವರಿದಳು. "ಮುಂದಿನ ವಾರ ನಮ್ಮನೆಗೇ ಬಂದಿರ್ತೀನಿ ಅಂದಿದ್ದ ಕಣೋ. ನಿನ್ನೆ ಫೋನ್ ಮಾಡಿದ್ದ. 'ಪಾಪ, ತಮ್ಮನ ಕೈಗೆ ಒಂದು ಕೆಲಸ ಹತ್ತಿದೆ, ನನ್ನ ಕೆಮ್ಮಿಗೋಸ್ಕರ ತೋಟ ಕೀಳಿಸೋಕೆ ಮನಸ್ಸು ಬರ್ತಿಲ್ಲ' ಅಂದ."

ಕೆಳಗೆ ಪಂಪು ಉಸಿರಾಡುತ್ತಲೇ ಇತ್ತು.

ಆರೂವರೆಗೆ ಡಾಕ್ಟರ್ ಮೇಜಿನ ಮೇಲೆ ಕಾಗದ ಹರಡಿ ಪೆನ್ನು ತೆಗೆದರು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಟೀಚರು ಫ್ಲಾಸ್ಕಿನಲ್ಲಿ ಚಹಾ ತಂದರು. ಅಕ್ಕನ ಕೈ ಹಿಡಿದು ಎರಡು ಮಾತಾಡಿ, ಇವನ ಕಡೆ ತಿರುಗಿದರು.

"ನೋಡಪ್ಪಾ, ಇವತ್ತು ನಿನಗೆ ಸೊಪ್ಪಿನ ನೆನಪೆಲ್ಲಿಂದ ಬರಬೇಕು. ಆದ್ರೂ ಹೇಳ್ತೀನಿ, ಕೆಳಗಿನ ದೀಪ ಇನ್ನೂ ಉರೀತಿದೆ. ದಿನಾ ಆರಕ್ಕೆ ಅದು ಆರಿದ ಮೇಲೇನೇ ನಾನು ಮಾತ್ರೆ ತಗೊಳ್ಳೋದು. ಇವತ್ತು ಕಾದು ಕಾದು ಸಾಕಾಯ್ತು."

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ, "ಎಲ್ಲಿ, ತೋರಿಸಿ" ಎಂದು ಎದ್ದರು. ನೆಲಮಾಳಿಗೆಯಲ್ಲಿ ಸೊಪ್ಪು ನೇರಳೆ ಬೆಳಕಿನಲ್ಲಿ ತಣ್ಣಗೆ ನಿಂತಿತ್ತು. ತೊಟ್ಟಿಗಳ ಹಿಂದೆ ಗೋಡೆಯಲ್ಲಿದ್ದ ಟೈಮರಿನ ಮುಳ್ಳು ಒಂದೂವರೆ ತೋರಿಸುತ್ತಿತ್ತು. ಡಾಕ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು, ಆರೂವರೆ; ಬಾಯಲ್ಲೇ ಐದು ಎಣಿಸಿದರು. ಅಕ್ಕ ಬಗ್ಗಿ, ಟೈಮರಿನ ಕೆಳಗಿನ ಚೀಟಿಯನ್ನು, ಅಣ್ಣನ ಆ ದುಂಡು ಅಕ್ಷರಗಳನ್ನು, ಗಟ್ಟಿಯಾಗಿ ಓದಿದಳು: 'ಕರೆಂಟ್ ಹೋದರೆ ಈ ಮುಳ್ಳು ನಿಲ್ಲುತ್ತದೆ. ಎಷ್ಟು ಹೊತ್ತು ಹೋಗಿತ್ತೋ ಅಷ್ಟು ಮುಂದಕ್ಕೆ ತಿರುಗಿಸು. ಮರೆಯಬೇಡ ಕಣೋ.'