ಹನ್ನೆರಡು ಕೆಂಪು ಮನೆಗಳು

ದೂರು ಕೊಡಲು ಬಂದ ಹೆಂಗಸಿಗೆ ವಿಳಾಸ ಇರಲಿಲ್ಲ.

ಹಿಂದಿನ ದಿನ ಬೆಳಗ್ಗೆ ಎಂಟರವರೆಗೂ ಇತ್ತು. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಎಂಟಕ್ಕೆ ನಗರಸಭೆಯ ಬುಲ್ಡೋಜರ್ ಬಂತು. ಹತ್ತು ಗಂಟೆಗೆ ಮನೆಯೂ ಇಲ್ಲ, ವಿಳಾಸವೂ ಇಲ್ಲ.

ಇಪ್ಪತ್ತೈದನೇ ತಾರೀಖು ಬೆಳಗ್ಗೆ 9.10ಕ್ಕೆ ಅವಳು ಠಾಣೆಯ ಮೇಜಿನ ಮುಂದೆ ನಿಂತಿದ್ದಳು. ಕುತ್ತಿಗೆಯಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು. ಅದನ್ನು ತೆಗೆದಿಡಲು ಅವಳಿಗೆ ಜಾಗವೇ ಸಿಕ್ಕಿರಲಿಲ್ಲ.

"ಈಗ ಎಲ್ಲಿದ್ದೀರಿ?" ಇನ್‌ಸ್ಪೆಕ್ಟರ್ ಕೇಳಿದ.

"ಅಕ್ಕ-ಭಾವನ ಮನೇಲಿ. ಗುಡ್ಡದ ತುದೀಲಿ. ಎರಡೂ ಮಿಷನ್ ಅಲ್ಲಿಗೇ ಹೊತ್ತು ಹಾಕಿದೀವಿ."

"ಮನೆ ನಂಬರ್?"

"ಆ ಗುಡ್ಡದಲ್ಲಿ ಯಾವ ಮನೆಗೆ ನಂಬರ್ ಇದೆ ಸಾರ್? ನೀಲಿ ಬಾಗಿಲು ಅಂತ ಬರ್ಕೊಳ್ಳಿ. ತುದೀಲಿ ಅದೊಂದೇ ನೀಲಿ."

ವಿಳಾಸದ ಕಾಲಂನಲ್ಲಿ ಹಾಗೆಯೇ ಬರೆದವಳು ಕಾನ್‌ಸ್ಟೇಬಲ್. ಹತ್ತು ವರ್ಷ ಸರ್ವಿಸ್ ಆದವಳು. ಠಾಣೆಯ ಕಂಪ್ಯೂಟರ್ ಕೆಟ್ಟಾಗ ಎಲ್ಲರೂ ಅವಳನ್ನೇ ಕೂಗುತ್ತಿದ್ದುದರಿಂದ, ಮತ್ತು ಮೂಗಿನ ಮೇಲೆ ದಪ್ಪ ಗಾಜು ಇದ್ದುದರಿಂದ, ಅವಳ ಹೆಸರೇ ಕನ್ನಡಕ ಎಂದಾಗಿತ್ತು.

ಮನೆ ಕೆಡವಿದ್ದು ನಗರಸಭೆಯ ವಿಷಯ, ಕೋರ್ಟಿಗೆ ಹೋಗಿ ಎಂದು ಹೇಳಿ ಕಳಿಸುವುದು ಠಾಣೆಯ ವಾಡಿಕೆ. ಇನ್‌ಸ್ಪೆಕ್ಟರನ ಬಾಯಲ್ಲಿ ಆ ಮಾತು ಬಂದೇಬಿಟ್ಟಿತ್ತು.

"ಗೋಡೇಲಿ ಬಿರುಕಿದೆ ಅಂತ ಕೆಡವಿದ್ರು," ದರ್ಜಿ ಹೆಂಗಸು ಹೇಳಿದಳು. "ಒಂದು ಬಿರುಕು ತೋರಿಸ್ರಪ್ಪಾ ಅಂದೆ. ನಕ್ಷೇಲಿ ಕೆಂಪಿದೆಯಮ್ಮಾ ಅಂದ್ರು. ಕಣ್ಣೆದುರು ಮನೆ ಇದೆ, ಅದನ್ನ ಬಿಟ್ಟು ಕಾಗದ ನೋಡ್ತಾರೆ! ಕೊನೆಗೆ ಬುಲ್ಡೋಜರ್‌ನವನೇ ಬೈದ. ಇಷ್ಟು ಗಟ್ಟಿ ಗೋಡೆ ಯಾವನಾದ್ರೂ ಕೆಡವಿಸ್ತಾನಾ, ನನ್ನ ಬಕೆಟ್ಟಿನ ಹಲ್ಲು ಮುರೀತು ಅಂತ."

ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡ. "ಮೂರು ಗಂಟೆಗೆ ಬನ್ನಿ, ಎಫ್ಐಆರ್ ಪ್ರತಿ ಕೊಡ್ತೀವಿ."

"ಎಲ್ಲಿಗೆ ಹೋಗಿ ಬರ್ಲಿ? ಇಲ್ಲೇ ಕೂತಿರ್ತೀನಿ," ಎಂದು ಅವಳು ಗೋಡೆಬದಿಯ ಬೆಂಚಿನ ಮೇಲೆ ಕುಳಿತಳು.

9.50ಕ್ಕೆ ಸ್ಥಳ ಪರಿಶೀಲನೆ. ರಸ್ತೆಯಿಂದ ಮೇಲಕ್ಕೆ ಸಾಲಾಗಿ ಹನ್ನೆರಡು ಇಟ್ಟಿಗೆ ರಾಶಿ. ಅಡಿಪಾಯದ ಕಲ್ಲುಗಳು ಮಿಸುಕಿರಲಿಲ್ಲ. ಇನ್‌ಸ್ಪೆಕ್ಟರ್ ಒಂದಕ್ಕೆ ಬೂಟಿನಿಂದ ಒದ್ದ, ನೋವಾದದ್ದು ಕಾಲಿಗೆ. ಹನ್ನೆರಡು ರಾಶಿ ಸುತ್ತಿದರೂ ಕಡ್ಡಿ ತೂರಿಸುವಷ್ಟು ಬಿರುಕು ಸಿಗಲಿಲ್ಲ. ನಗರಸಭೆಯ ಆದೇಶದ ಪ್ರತಿಯಲ್ಲಿ ಮಾತ್ರ 'ಪ್ರತಿ ಮನೆಯನ್ನೂ ಸ್ಥಳದಲ್ಲಿ ಪರಿಶೀಲಿಸಿದ್ದೇನೆ' ಎಂಬ ಪ್ರಮಾಣಪತ್ರವಿತ್ತು. ಅದರ ಕೆಳಗೆ ನಕ್ಷೆ ವಿಭಾಗದ ಮೇಲ್ವಿಚಾರಕನ ಸಹಿ.

10.40ಕ್ಕೆ ಸುಳ್ಳು ಪ್ರಮಾಣಪತ್ರದ ಆರೋಪದ ಮೇಲೆ ಎಫ್ಐಆರ್ ದಾಖಲಾಯಿತು. 11.30ಕ್ಕೆ ಇನ್‌ಸ್ಪೆಕ್ಟರ್, ಕನ್ನಡಕ ಇಬ್ಬರೂ ನಗರಸಭೆಯ ಎರಡನೇ ಮಹಡಿಯಲ್ಲಿದ್ದರು.

ಮೇಲ್ವಿಚಾರಕನಿಗೆ ಐವತ್ತಾರು ವರ್ಷ. ಕಂಡವರ ತಪ್ಪು ತಿದ್ದುವ ಚಟಕ್ಕೆ ಕಚೇರಿಯವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ನಕ್ಷೆಗೆ ಪೆನ್ನು ಮುಟ್ಟಿಸುವ ಕಾಲ ಹೋಗಿ ಎಷ್ಟೋ ವರ್ಷವಾಗಿದ್ದರೂ ಜೇಬಿನಲ್ಲಿ ನಾಲ್ಕು ಬಣ್ಣದ ನಾಲ್ಕು ಪೆನ್ನು ಸಿಕ್ಕಿಸಿಕೊಂಡಿದ್ದ.

"ಗುಡ್ಡದ ಕೆಳಗೆ ಹಳೇ ಗಣಿ ಸುರಂಗ ಇದೆ," ಅವನು ಪಾಠ ಶುರು ಮಾಡಿದ. "ಮುನ್ನೂರ ಹನ್ನೆರಡು ಮನೆ ಸರ್ವೆ ಆಗಿದೆ. ಹನ್ನೆರಡರಲ್ಲಿ ಅಡಿಪಾಯ ಸೀಳಿದೆ. ಅವು ಕೆಂಪು. ಕೆಂಪಿದ್ದದ್ದನ್ನ ಕೆಡವಿದ್ದೀವಿ. ಇದರಲ್ಲಿ ಪೊಲೀಸರಿಗೇನು ಕೆಲಸ?"

"ನಾನು ನೋಡಿ ಬಂದೆ. ಒಂದರಲ್ಲೂ ಬಿರುಕಿಲ್ಲ."

ಮೇಷ್ಟ್ರು ಜೇಬಿನ ಪೆನ್ನುಗಳನ್ನು ಮುಟ್ಟಿಕೊಂಡ. "ಹಾಗಾದ್ರೆ ಸಾಫ್ಟ್‌ವೇರ್ ತಪ್ಪಿರಬೇಕು. ನಕ್ಷೆ ಜರುಗಿರುತ್ತೆ. ಅದೆಲ್ಲ ನಿಮಗೆ ಅರ್ಥ ಆಗೋದಲ್ಲ."

"ಅರ್ಥ ಮಾಡಿಸ್ತೀನಿ ಬಿಡಿ," ಎಂದು ಕನ್ನಡಕ ಅವನ ಕುರ್ಚಿ ಎಳೆದು ಕುಳಿತಳು. ಮೇಷ್ಟ್ರು ನಿಂತೇ ಇದ್ದ.

ಅವಳು ತಂತ್ರಾಂಶ ತೆರೆದಳು. ಪರದೆಯ ಎಡಕ್ಕೆ ಪದರಗಳ ಪಟ್ಟಿ, ಪ್ರತಿಯೊಂದರ ಮುಂದೆ ಗುರುತು ಹಾಕುವ ಚೌಕ. ಎಲ್ಲ ಗುರುತು ತೆಗೆದಾಗ ಪರದೆ ಬಿಳಿಯಾಯಿತು. ಒಂದೊಂದಾಗಿ ಹಚ್ಚುತ್ತ ಬಂದಳು.

"ಕೆಳಗಡೆ ಇರೋದು ಆಕಾಶದಿಂದ ತೆಗೆದ ಫೋಟೋ ಸಾರ್. ಬರೀ ಸಣ್ಣ ಸಣ್ಣ ಚೌಕ, ಪ್ರತಿ ಚೌಕಕ್ಕೊಂದು ಬಣ್ಣ. ಅದರ ಮೇಲೆ ರಸ್ತೆ, ಅವು ಗೆರೆ. ಬಾವಿಗಳು, ಅವು ಚುಕ್ಕಿ. ಮನೆಗಳು ಮುಚ್ಚಿದ ಆಕಾರ. ನೋಡಿ, ಆಕಾರ ಎಲ್ಲಾ ಫೋಟೋದ ಸೂರಿನ ಮೇಲೆ ಸರಿಯಾಗಿ ಕೂತಿವೆ. ಒಂದು ಗೇಣೂ ಜರುಗಿಲ್ಲ."

ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಿಟಕಿ ಕಡೆ ನೋಡಿದ.

"ಮನೆ ಪದರ ಅಂದ್ರೆ ಒಂದು ಫೈಲಲ್ಲ ಸಾರ್, ಒಂದೇ ಹೆಸರಿನ ನಾಲ್ಕು. ಒಂದರಲ್ಲಿ ಆಕಾರ. ಒಂದು ಆ ಆಕಾರಗಳ ಸೂಚಿ. ಒಂದರಲ್ಲಿ ಇದು ಭೂಮಿ ಮೇಲೆ ಎಲ್ಲಿ ಅನ್ನೋ ಲೆಕ್ಕ. ಇನ್ನೊಂದು ಕೋಷ್ಟಕ: ಯಾವ ಮನೆ ಗಟ್ಟಿ, ಯಾವುದು ಬಿರುಕು. ಒಟ್ಟು ಕುಟುಂಬ ಇದ್ದ ಹಾಗೆ, ಒಬ್ಬ ಕೆಟ್ಟರೆ ಎಲ್ಲರಿಗೂ ಕೆಟ್ಟ ಹೆಸರು."

"ಇದರಲ್ಲಿ ಕೆಟ್ಟವನು ಯಾರು?"

ಅವಳು ಫೈಲುಗಳ ತಾರೀಖು ತೋರಿಸಿದಳು. ಮೂರು ಫೈಲು ಕೊನೆಯ ಸಲ ಬದಲಾದದ್ದು ಮೂರನೇ ತಾರೀಖು, ಸರ್ವೆ ಮುಗಿದ ದಿನ. ಕೋಷ್ಟಕ ಮಾತ್ರ ಹತ್ತೊಂಬತ್ತನೇ ತಾರೀಖು ಸಂಜೆ 5.40ಕ್ಕೆ. ಬದಲಾಯಿಸಿದ ಖಾತೆ ಮೇಷ್ಟ್ರದು.

"ಮೀಟಿಂಗಿಗೆ ಬಿರುಕಿನ ಮನೆ ಎಷ್ಟು ಅಂತ ಎಣಿಸಬೇಕಿತ್ತು," ಮೇಷ್ಟ್ರು ಹೇಳಿದ. "ಸ್ಪ್ರೆಡ್‌ಶೀಟ್‌ನಲ್ಲಿ ತೆರೆದೆ. ನೋಡಿ ಮುಚ್ಚಿದೆ. ಅಷ್ಟೇ."

ಕನ್ನಡಕ ಕೋಷ್ಟಕ ತೆರೆದಳು. ಮುನ್ನೂರ ಹನ್ನೆರಡು ಸಾಲು. ಬಿರುಕಿಗೆ ಒಂದು, ಗಟ್ಟಿಗೆ ಎರಡು ಎಂಬ ಸಂಕೇತ. ಮೊದಲ ಹನ್ನೆರಡು ಸಾಲಿನಲ್ಲಿ ಒಂದು. ಅಲ್ಲಿಂದ ಕೊನೆಯವರೆಗೆ ಬರೀ ಎರಡು.

ಅವಳು ಸಾಲುಗಳನ್ನು ಮೇಲಕ್ಕೂ ಕೆಳಕ್ಕೂ ಇನ್ನೊಮ್ಮೆ ಸರಿಸಿ ನೋಡಿದಳು.

"ಸಾರ್, ಸರ್ವೆಯವರು ರಸ್ತೆ ಕಡೆಯಿಂದ ಒಂದು, ಎರಡು, ಮೂರು ಅಂತ ಅಳೀತಾ ಹತ್ತಿದ್ದಾರೆ. ಭೂಮಿ ಬಿರಿಯೋದೂ ಹಾಗೇ ಕ್ಯೂ ನಿಂತು ಬಿರಿಯುತ್ತಾ? ಒಂದರಿಂದ ಹನ್ನೆರಡರವರೆಗೆ, ಆಮೇಲೆ ನಿಂತುಬಿಡುತ್ತಾ?"

"ಅಂದ್ರೆ?"

"ಇವರು ಉಳಿದ ಕಾಲಂ ಬಿಟ್ಟು ಈ ಒಂದನ್ನೇ ಸಣ್ಣದರಿಂದ ದೊಡ್ಡದಕ್ಕೆ ವಿಂಗಡಿಸಿದ್ದಾರೆ. ಮೇಲೆ ಬಂದ ಹನ್ನೆರಡು ಎಣಿಸಿಕೊಂಡು ಸೇವ್ ಒತ್ತಿದ್ದಾರೆ. ಮನೆಗಳ ಆಕಾರ ಅದರ ಜಾಗದಲ್ಲೇ ಉಳೀತು. ಬಿರುಕು ಮಾತ್ರ ಎಲ್ಲೆಲ್ಲಿಂದಲೋ ಎದ್ದು ಬಂದು ಮೊದಲ ಹನ್ನೆರಡು ಮನೆ ಮೇಲೆ ಕೂತಿತು."

ಇನ್‌ಸ್ಪೆಕ್ಟರನಿಗೆ ಮುಂದಿನ ಮಾತು ಹೊಳೆಯಲು ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಗಟ್ಟಿ ಮನೆಗಳನ್ನು ಕೆಡವಿಯಾಗಿದೆ. ನಿಜವಾಗಿ ಸೀಳಿದ ಹನ್ನೆರಡು ಮನೆ ಗುಡ್ಡದ ಮೇಲೆ ಹಾಗೆಯೇ ನಿಂತಿವೆ, ಒಳಗೆ ಜನ ಇದ್ದಾರೆ, ಅವರ ಮನೆ ಅಪಾಯದ್ದೆಂದು ಯಾರೂ ಅವರಿಗೆ ಹೇಳಿಲ್ಲ.

ಸಮಯ 12.40.

"ಆ ಹನ್ನೆರಡು ಮನೆ ಯಾವುವು?"

"ಗೊತ್ತಿಲ್ಲ," ಮೇಷ್ಟ್ರು ಹೇಳಿದ.

"ಹಳೇ ಪ್ರತಿ?"

"ಇಲ್ಲ. ಅದರ ಮೇಲೇ ಸೇವ್ ಆಯ್ತು."

"ಸರ್ವೆ ಮಾಡಿದವರು ಯಾರು?"

"ಗುತ್ತಿಗೆಯವಳು. ಇಪ್ಪತ್ತಕ್ಕೆ ಗುತ್ತಿಗೆ ಮುಗೀತು. ಬೇರೆ ಊರಿಗೆ ಹೋದಳು. ಫೋನ್ ನಂಬರ್ ಇಲ್ಲ."

"ಈ ಬೀಗ ಹಾಕಿದ ಡ್ರಾಯರ್‌ನಲ್ಲಿ ಏನಿದೆ?"

"ಸ್ವಂತ ಕಾಗದ. ಕೀ ಮನೇಲಿದೆ."

ಇನ್‌ಸ್ಪೆಕ್ಟರ್ ಒಬ್ಬ ಪೇದೆಯನ್ನು ಮೇಷ್ಟ್ರ ಮನೆಗೆ ಓಡಿಸಿದ. ಮತ್ತೊಬ್ಬನಿಗೆ ಧ್ವನಿವರ್ಧಕ ಕೊಟ್ಟು, ಗೋಡೆ ಬಿರುಕು ಬಿಟ್ಟವರೆಲ್ಲ ಹೊರಗೆ ಬನ್ನಿ ಎಂದು ಕೂಗಲು ಗುಡ್ಡಕ್ಕೆ ಕಳಿಸಿದ. ನಿನ್ನೆ ಬುಲ್ಡೋಜರ್ ಕಂಡ ಜನ ಬಾಗಿಲು ಹಾಕಿಕೊಂಡರು. ಬಿರುಕಿದೆ ಎಂದು ಒಪ್ಪಿಕೊಂಡರೆ ಮನೆ ಹೋಗುತ್ತದೆ ಎಂಬುದನ್ನು ನಗರಸಭೆ ಅವರಿಗೆ ಚೆನ್ನಾಗಿ ಕಲಿಸಿತ್ತು.

ಇತ್ತ ಪಂಚರನ್ನು ಕರೆಸಿದ್ದಾಯಿತು: ಕೆಳಗಿನ ಅಂಚೆ ಕೌಂಟರಿನವನು, ಎದುರಿನ ಪುಸ್ತಕದಂಗಡಿಯವಳು. ಮನೆಗೆ ಹೋದ ಪೇದೆ 2.10ಕ್ಕೆ ಏದುಸಿರು ಬಿಡುತ್ತ ಬಂದ.

"ಸಾರ್, ಅವರ ಹೆಂಡತಿ ನಕ್ಕರು. ಕೀ ಯಾವತ್ತು ಮನೇಲಿಟ್ಟಿದ್ದಾರೆ, ಜೇಬಲ್ಲೇ ಇಟ್ಕೊಂಡು ಮಲಗ್ತಾರೆ ಅಂದ್ರು."

ಇನ್‌ಸ್ಪೆಕ್ಟರ್ ಎದ್ದು ಮೇಷ್ಟ್ರ ಜೇಬಿನಿಂದ ನಾಲ್ಕು ಪೆನ್ನನ್ನೂ ಒಟ್ಟಿಗೆ ಹಿರಿದ. ಅವುಗಳ ಹಿಂದೆ ಕೀ ಇತ್ತು. ಹೊಡೆಯಲು ಎತ್ತಿದ ಕೈ ತನ್ನದೇ ಎಂದು ಅವನಿಗೆ ತಿಳಿದದ್ದು ಕನ್ನಡಕ "ಸಾರ್" ಎಂದಾಗ.

2.15. ಪಂಚನಾಮೆಯಲ್ಲಿ ಹೀಗೆ ಬರೆಯಲಾಯಿತು: ಮೇಲಿನ ಡ್ರಾಯರಿನಲ್ಲಿ ಒಂದು ಲಕೋಟೆ, ಒಡೆದದ್ದು. ಇಪ್ಪತ್ತೆರಡನೇ ತಾರೀಖಿನ ಸ್ವೀಕೃತಿ ಮುದ್ರೆ, ಮೇಲ್ವಿಚಾರಕನ ಕಿರುಸಹಿ.

ಒಳಗೆ ಸರ್ವೆಯವಳ ಪತ್ರ. "ಕೆಲಸದ ಬಿಡುಗಡೆ ಪತ್ರಕ್ಕೆ ಬಂದಾಗ ಸೂಚನಾ ಫಲಕದಲ್ಲಿ ನಕ್ಷೆ ನೋಡಿದೆ. ನಾನು ಗುರುತು ಮಾಡಿದ ಮನೆಗಳು ಇವಲ್ಲ. ತಾವು ಒಳಗೆ ಬಿಡಲಿಲ್ಲವಾದ್ದರಿಂದ ನನ್ನ ಅಳತೆ ಪುಸ್ತಕದ ನಕಲನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಕೆಡವುವ ಮೊದಲು ನೋಡಿ." ಕೆಳಗೆ ಅವಳ ಫೋನ್ ನಂಬರ್. ಅದರ ಕೆಳಗೆ ಹನ್ನೆರಡು ಸಾಲು. ನಂಬರಿಲ್ಲದ ಮನೆಗಳಾದ್ದರಿಂದ ಗುರುತು ಬರೆದಿದ್ದಳು: ಬಾವಿಯ ಎಡಕ್ಕೆ, ತಗಡಿನ ಸೂರು. ಮೆಟ್ಟಿಲ ತಿರುವು, ಎರಡು ಕಿಟಕಿ.

ಹನ್ನೆರಡನೆಯದು: ತುದಿ, ನೀಲಿ ಬಾಗಿಲು. ಅತಿ ಅಪಾಯ.

ಜೀಪು ಗುಡ್ಡದ ಅರ್ಧದಲ್ಲಿದ್ದಾಗಲೇ ಧೂಳು ಕಂಡಿತು. ಗುಡ್ಡದ ಮೇಲೆ ಫೋನ್ ಸಿಗ್ನಲ್ ಸಿಗದೆ, ಧ್ವನಿವರ್ಧಕ ಹಿಡಿದಿದ್ದ ಪೇದೆ ಎದುರಿಗೆ ಓಡಿ ಬಂದ. ಮನೆ ಕುಸಿದದ್ದು 1.50ಕ್ಕೆ. ದರ್ಜಿಯ ಅಕ್ಕ ಮತ್ತು ಭಾವ ಒಳಗಿದ್ದರು. ಕನ್ನಡಕ ಪಟ್ಟಿ ಹಿಡಿದು ಉಳಿದ ಹನ್ನೊಂದು ಬಾಗಿಲು ತಟ್ಟಿದಳು. 4.05ಕ್ಕೆ ಕೊನೆಯ ಮನೆ ಖಾಲಿಯಾಯಿತು.

5.30ಕ್ಕೆ ಮೇಷ್ಟ್ರನ್ನು ಬಂಧಿಸಲಾಯಿತು. ಎಫ್ಐಆರ್‌ಗೆ ಸಾವಿಗೆ ಕಾರಣವಾದ, ಸಾಕ್ಷ್ಯ ಮುಚ್ಚಿಟ್ಟ ಕಲಮುಗಳು ಸೇರಿದವು.

"ಕೈತಪ್ಪಿನಿಂದ ಆದದ್ದು. ಸೇವ್ ಒತ್ತಿದ್ದು ತಪ್ಪು, ಒಪ್ತೀನಿ," ಅವನು ಹೇಳಿದ.

"ಕೈತಪ್ಪು ಹತ್ತೊಂಬತ್ತಕ್ಕೆ ಮುಗೀತು. ಇಪ್ಪತ್ತೆರಡಕ್ಕೆ ಕಾಗದ ಓದಿದಿರಿ. ಇಪ್ಪತ್ನಾಲ್ಕಕ್ಕೆ ಕೆಡವಿಸಿದಿರಿ. ಇವತ್ತು ನಾನು ಕೇಳಿದಾಗ ಮನೆ ನಿಂತಿತ್ತು. ಒಂದು ಮಾತು, ಒಂದೇ ಮಾತು ಯಾಕೆ ಹೇಳಲಿಲ್ಲ?"

ಮೇಷ್ಟ್ರು ಖಾಲಿ ಜೇಬು ಮುಟ್ಟಿಕೊಂಡ. ಇಪ್ಪತ್ತು ವರ್ಷ ಶಾಯಿಯಲ್ಲಿ ನಕ್ಷೆ ಬರೆದವನು. ಕಂಪ್ಯೂಟರ್ ಬಂದ ವರ್ಷ ಒಂದು ಸಭೆಯಲ್ಲಿ, ಪದರ ಅಂದ್ರೇನು ಎಂದು ಕೇಳಿದ್ದ. ಇಡೀ ಕೋಣೆ ನಕ್ಕಿತ್ತು. ಅಂದಿನಿಂದ ತನಗೆ ಗೊತ್ತಿಲ್ಲ ಎನ್ನುವ ಮಾತನ್ನು ಯಾರ ಮುಂದೆಯೂ ಆಡಬಾರದೆಂದು ತೀರ್ಮಾನಿಸಿದ್ದ. ಯಾರನ್ನೂ ಕೇಳದೆ ಒಬ್ಬನೇ ಕಲಿತ, ಅರ್ಧ ಕಲಿತ. ಆ ಸರ್ವೆ ಹುಡುಗಿಯಿಂದ ತಿದ್ದಿಸಿಕೊಳ್ಳಲು ಆಗಲಿಲ್ಲ ಎಂದ.

'ಗೊತ್ತಿಲ್ಲ' ಎಂಬ ಮಾತನ್ನು ಅವನು ಅಷ್ಟು ವರ್ಷಗಳಲ್ಲಿ ಆಡಿದ್ದು ಅಂದು ಮಧ್ಯಾಹ್ನ ಮಾತ್ರ. ಗೊತ್ತಿದ್ದಾಗ.

ಶವಗಳ ಗುರುತು ಹೇಳಲು ದರ್ಜಿ ಹೆಂಗಸನ್ನು ಬೆಂಚಿನಿಂದಲೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಳತೆ ಟೇಪು ಬೆಂಚಿನ ಮೇಲೆ ಬಿದ್ದಿತ್ತು. ಇನ್‌ಸ್ಪೆಕ್ಟರ್ ಅವಳ ದೂರು ತೆಗೆದು, ವಿಳಾಸದ ಕಾಲಂನಲ್ಲಿದ್ದ ನೀಲಿ ಬಾಗಿಲನ್ನು ಹೊಡೆದುಹಾಕಿದ. ಅದರ ಬದಲು ಬರೆಯಲು ಏನೂ ಇರಲಿಲ್ಲ. ನಂತರ ವರದಿಯ ಕೊನೆಯ ಭಾಗ ತುಂಬಿಸಿದ.

ಕೆಡವಿದ ಗಟ್ಟಿ ಮನೆ ಹನ್ನೆರಡು. ಕುಸಿದ ಮನೆ ಒಂದು. ಹೊಲಿಗೆ ಯಂತ್ರ ಎರಡು. ಜನ ಇಬ್ಬರು.