ಹುಳು ಕಡಿದ ಎಲೆ

ಸಿರಿಗಂಧಪುರದ ಏಳು ಸುತ್ತಿನ ಕೋಟೆಯ ಮೇಲೆ ಎಳೆಬಿಸಿಲು ಬೀಳುತ್ತಿದ್ದಂತೆ ನಗಾರಿಗಳು ಮೊಳಗಿದವು. ಆನೆಲಾಯದಿಂದ ಅಕ್ಕಸಾಲಿಗರ ಕೇರಿಯವರೆಗೆ ಪುರಜನರೆಲ್ಲ ಬಾಗಿಲಿಕ್ಕಿಕೊಂಡು ಆಸ್ಥಾನದತ್ತ ನಡೆದರು. ದಂಡನಾಯಕ ಮಾಚಯ್ಯನ ತಲೆ ಉಳಿಯುವುದೋ ಉರುಳುವುದೋ ಅಂದು ನಿರ್ಣಯವಾಗಲಿತ್ತು. ನಿನ್ನೆ ಅವನಿಗೆ ಜಯಘೋಷ ಮಾಡಿದ ಬಾಯಿಗಳೇ ಇಂದು ದ್ರೋಹಿ ಎನ್ನುತ್ತಿದ್ದವು. ಊರಿನ ಬಾಯಿಗೆ ಏನು ಹೇಳೋಣ!

ಶತ್ರುಗಳ ಗೂಢಚಾರನೊಬ್ಬನ ಚೀಲದಲ್ಲಿ ಅಮೃತಬಳ್ಳಿಯ ಆಕಾರದ ಚಿನ್ನದ ತೋಳಬಂದಿ ಸಿಕ್ಕಿತ್ತು. ಅಂಥದ್ದು ಇದ್ದದ್ದು ಮಾಚಯ್ಯನೊಬ್ಬನಲ್ಲಿ. ಅದು ಯುದ್ಧಕಾಲದಲ್ಲಿ ಹೊಳೆಯ ಪಾಲಾಯಿತೆಂದು ಅವನೆಂದರೆ, ಗುರುತಿಗಾಗಿ ಶತ್ರುವಿಗೆ ಕಳುಹಿಸಿದನೆಂದು ಪ್ರಧಾನ ಬೊಪ್ಪರಸನು ಸಾಧಿಸುತ್ತಿದ್ದನು.

ಮಾಚಯ್ಯನ ತೋಳಬಂದಿಯನ್ನು ಮಾಡಿದವನು ಅರಮನೆಯ ಅಕ್ಕಸಾಲಿ ಬೈಚೋಜ. ನಾಡಿನ ಗಿಡಬಳ್ಳಿಗಳನ್ನು ತಂದು ಎದುರಿಗಿಟ್ಟುಕೊಂಡೇ ಚಿನ್ನ ಬಡಿಯುವವನು. ಸಿಕ್ಕ ಒಡವೆ ನಿನ್ನ ಕೈಗೆಲಸವೇ ಎಂದರೆ ನೀನು ಕೇರಿಗೆಲ್ಲ ಒಡೆಯನಾಗುವೆ, ಅಲ್ಲವೆಂದರೆ ಸೊಸೆ ಮೊಮ್ಮಕ್ಕಳ ಸಮೇತ ಗಡಿ ದಾಟುವೆ ಎಂದು ಪ್ರಧಾನನು ಬೆಳಗ್ಗೆಯೇ ಕರೆಸಿ ನಗುನಗುತ್ತ ಹೇಳಿದ್ದನು. ಎಂಥ ನಯ ಆ ಮಹಾರಾಯನದು!

ಸಭೆಯಲ್ಲಿ ಬೈಚೋಜನು ತೋಳಬಂದಿಯನ್ನು ತಿರುಗಿಸಿ ನೋಡಿದನು. ಬಳ್ಳಿಯ ಸುರುಳಿ ಸರಿ, ಹೃದಯಾಕಾರದ ಎಲೆಗಳೂ ಸರಿ; ಹಿಂಬದಿಯಲ್ಲಿ ಮಾತ್ರ ತೂತಿಲ್ಲ. ತಾನು ಮಾಡಿದ ಪ್ರತಿಯೊಂದು ಒಡವೆಯ ಹಿಂಬದಿಯ ಒಂದೆಲೆಗೆ ಅವನು ಹುಳು ಕಡಿದಂತೆ ಸಣ್ಣ ತೂತು ಕೊರೆಯುತ್ತಿದ್ದನು. ಭಂಡಾರಕ್ಕೆ ಕೊಡುವ ನಕ್ಷೆಯಲ್ಲಿ ಅದನ್ನು ಬರೆಯುತ್ತಿರಲಿಲ್ಲ. ಏಕೆಂದರೆ ಊನವುಳ್ಳ ಒಡವೆಯನ್ನು ಅರಮನೆಗೊಪ್ಪಿಸಿದವನ ಬಲಗೈ ಹೆಬ್ಬೆರಳು ಕತ್ತರಿಸುವುದು ಆ ರಾಜ್ಯದ ಕಟ್ಟಳೆ. ಬಾಯಿ ಬಿಟ್ಟರೆ ತನ್ನ ಬೆರಳು ಹೋಗುತ್ತದೆ, ಬಿಡದಿದ್ದರೆ ನಿರಪರಾಧಿಯ ತಲೆ. ಅವನಿಗೆ ಅಳುವೇ ಬಂದಿತು.

“ಮಹಾಪ್ರಭು, ಇದು ನನ್ನ ಕೈಗೆಲಸವಲ್ಲ. ನಕ್ಷೆ ನೋಡಿ ಯಾರೋ ಮಾಡಿದ್ದು. ಮಹಾರಾಣಿಯವರು ತಮ್ಮ ಕಂಠೀಹಾರವನ್ನು ತಿರುಗಿಸಿ ನೋಡೋಣವಾಗಲಿ.”

ರಾಣಿ ನೋಡಿದಳು. ಸಂಪಿಗೆಯ ಕೆಳಗಿನ ಎಲೆಯಲ್ಲಿ ಸಾಸಿವೆಯಷ್ಟು ತೂತು. ಸಭೆಯವರೂ ಒಬ್ಬೊಬ್ಬರಾಗಿ ತಮ್ಮ ಪದಕ, ಕಡಗಗಳನ್ನು ಮಗುಚಿ ನೋಡಿಕೊಂಡರು, ಎಲ್ಲದರಲ್ಲೂ ಇತ್ತು. ಇಷ್ಟು ವರ್ಷ ಅರಮನೆಗೆ ಊನವನ್ನೇ ತೊಡಿಸಿದೆಯಾ ಎಂದು ರಾಜನು ಗದರಿಸಿ ಕೇಳಿದನು.

“ಹುಳು ಮುಟ್ಟದ ಬಳ್ಳಿಯನ್ನು ನಾನು ಕಾಡಿನಲ್ಲಿ ಕಂಡಿಲ್ಲ, ಪ್ರಭು. ಕಂಡದ್ದನ್ನು ಮಾಡಿದೆ.”

ನಕ್ಷೆಯನ್ನು ತರಿಸಿಕೊಂಡವರಾರೆಂದು ವಿಚಾರಿಸಲು, ಭಂಡಾರಿಯು ಬೊಪ್ಪರಸನ ಕಡೆ ಕೈ ತೋರಿದನು. ಭಟರು ಹೆಡೆಮುರಿ ಕಟ್ಟುವಾಗಲೂ ಆ ಮನುಷ್ಯನ ಹೊಟ್ಟೆಯ ವಿಷ ಇಳಿಯಲಿಲ್ಲ.

“ಕಟ್ಟಳೆ ಎಲ್ಲರಿಗೂ ಒಂದೇ ತಾನೆ, ಪ್ರಭು? ಅಕ್ಕಸಾಲಿಯದೂ ಈಗಲೇ ನಡೆಯಲಿ.”

ರಾಜನು ತಲೆ ತಗ್ಗಿಸಿದನು. ರಾಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಮ್ಮಾರನು ಬಂದು ದಂಡನಾಯಕನ ಕೈಗಳನ್ನು ಮರದ ದಿಮ್ಮಿಯ ಮೇಲಿರಿಸಿ ಸಂಕೋಲೆಯನ್ನು ಒಡೆದನು. ಮಾಚಯ್ಯನು ಕೈ ತೆಗೆದ ಜಾಗದಲ್ಲೇ ಬೈಚೋಜನು ತನ್ನ ಬಲಗೈಯನ್ನು ಇಟ್ಟನು.